ಹಣ ಯಾರ ಹೆಸರಿಗೆ ಬರುತ್ತದೆ? ಪರಿಸರ ವಿಜ್ಞಾನ ಮತ್ತು ಸೂಕ್ಷ್ಮಜೀವಶಾಸ್ತ್ರದ ಪಿಎಚ್‌ಡಿ ಶಿಷ್ಯವೇತನಗಳ ಹೋಲಿಕೆ

ಎಂಎಸ್ಸಿ ಫಲಿತಾಂಶ ಬಂದ ಮೇಲಿನ ತಿಂಗಳುಗಳಲ್ಲಿ ಚಿಕ್ಕಮಗಳೂರಿನ ನಮ್ಮ ಕಾಲೇಜಿಗೆ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಕೇಳುತ್ತಾರೆ: "ಮೇಡಂ, ಪಿಎಚ್‌ಡಿಗೆ ಯಾವ ಫೆಲೋಶಿಪ್‌ನಲ್ಲಿ ಜಾಸ್ತಿ ದುಡ್ಡು ಬರುತ್ತೆ?" ಪ್ರಶ್ನೆ ಸಹಜವಾದದ್ದೇ. ಆದರೆ 2023ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕರಣೆಯ ನಂತರ ಕೇಂದ್ರ ಸರ್ಕಾರದ ಬಹುತೇಕ ಸಂಶೋಧನಾ ಶಿಷ್ಯವೇತನಗಳು ಒಂದೇ ಮೊತ್ತಕ್ಕೆ ಬಂದು ನಿಂತಿವೆ. ಮೊದಲ ಎರಡು ವರ್ಷ ಕಿರಿಯ ಸಂಶೋಧಕರಾಗಿ ತಿಂಗಳಿಗೆ 37,000 ರೂಪಾಯಿ, ಕೆಲಸದ ಮೌಲ್ಯಮಾಪನ ಆದ ಮೇಲೆ ಹಿರಿಯ ಸಂಶೋಧಕರಾಗಿ 42,000 ರೂಪಾಯಿ, ಒಟ್ಟು ಐದು ವರ್ಷ. ಇದರ ಮೇಲೆ ಮನೆ ಬಾಡಿಗೆ ಭತ್ಯೆ ಸೇರುತ್ತದೆ. ಅದು ನೀವು ಕೆಲಸ ಮಾಡುವ ಊರಿನ ದರ್ಜೆಯನ್ನು ಅವಲಂಬಿಸಿದೆ. ಬೆಂಗಳೂರು ಎಕ್ಸ್ ದರ್ಜೆಯ ನಗರ, ಮೈಸೂರು ವೈ ದರ್ಜೆಯದು, ಹಾಸನ ಮತ್ತು ಚಿಕ್ಕಮಗಳೂರು ಝಡ್ ದರ್ಜೆಯಲ್ಲಿವೆ. ಎಕ್ಸ್ ದರ್ಜೆಯ ಭತ್ಯೆಯ ದರ ಝಡ್ ದರ್ಜೆಯದ್ದಕ್ಕಿಂತ ಮೂರು ಪಟ್ಟು. ಹಾಗೆಂದು ಬೆಂಗಳೂರಿಗೆ ಹೋದವರು ಉಳಿಸುತ್ತಾರೆ ಎಂದುಕೊಳ್ಳಬೇಡಿ. ಹೆಚ್ಚಿಗೆ ಬಂದದ್ದು ಅಲ್ಲಿನ ಬಾಡಿಗೆಗೇ ಸಾಲದು.

ಆದ್ದರಿಂದ ನಾನು ಅವರಿಗೆ ಮರಳಿ ಕೇಳುವ ಪ್ರಶ್ನೆ ಬೇರೆ: ಆ ಹಣ ಯಾರ ಹೆಸರಿಗೆ ಬರುತ್ತದೆ? ನಿಮ್ಮ ಹೆಸರಿಗೋ, ಮಾರ್ಗದರ್ಶಕರ ಯೋಜನೆಯ ಹೆಸರಿಗೋ, ಸಂಸ್ಥೆಯ ಲೆಕ್ಕಕ್ಕೋ? ಸಂಶೋಧನೆಯ ವಿಷಯವನ್ನು ಯಾರು ಗೊತ್ತುಮಾಡುತ್ತಾರೆ, ಗೈಡ್ ಜೊತೆ ಹೊಂದಾಣಿಕೆಯಾಗದಿದ್ದರೆ ಬೇರೆಡೆಗೆ ಹೋಗುವ ದಾರಿ ಉಂಟೇ, ಪ್ರಬಂಧ ಮುಗಿಯುವ ಮೊದಲೇ ಹಣ ನಿಂತರೆ ಗತಿಯೇನು ಎಂಬ ಎಲ್ಲ ಸಂಗತಿಗಳೂ ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಅಡಗಿವೆ. ಈ ಬರಹದಲ್ಲಿ ಆಯ್ಕೆಗಳನ್ನು ಆ ಅಳತೆಗೋಲಿನಿಂದಲೇ ಹೋಲಿಸಿದ್ದೇನೆ.

ನಿಮ್ಮ ಹೆಸರಿನ ಹಣ

ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರ ಶಿಷ್ಯವೇತನ ಅವರ ಹೆಸರಿನಲ್ಲೇ ಇರುತ್ತದೆ. ಇಲ್ಲಿ ಎರಡು ವಿಷಯಗಳ ವಿದ್ಯಾರ್ಥಿಗಳ ದಾರಿ ಮೊದಲ ಹೆಜ್ಜೆಯಲ್ಲೇ ಕವಲೊಡೆಯುತ್ತದೆ, ಮತ್ತು ಇದನ್ನು ತಿಳಿಯದೆ ಒಂದು ವರ್ಷ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಪರಿಸರ ವಿಜ್ಞಾನ ಯುಜಿಸಿ-ನೆಟ್‌ನಲ್ಲಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನೆಟ್‌ನಲ್ಲಿ, ಸ್ವತಂತ್ರ ವಿಷಯವಾಗಿದೆ. ಸೂಕ್ಷ್ಮಜೀವಶಾಸ್ತ್ರ ಆ ಪಟ್ಟಿಯಲ್ಲಿ ಇಲ್ಲ. ಆ ವಿಷಯದವರು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಜೊತೆಗಿನ ಜಂಟಿ ಪರೀಕ್ಷೆಯಾದ ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆಯನ್ನೇ ಬರೆಯಬೇಕು. ಪರಿಸರ ವಿಜ್ಞಾನದವರಿಗೆ ಮಾತ್ರ, ಜೀವವಿಜ್ಞಾನದ ತಳಹದಿ ಗಟ್ಟಿಯಾಗಿದ್ದರೆ, ಎರಡು ಬಾಗಿಲನ್ನೂ ತಟ್ಟುವ ಅವಕಾಶವಿದೆ.

ಎರಡು ಪರೀಕ್ಷೆಗಳ ಸ್ವಭಾವವೂ ಬೇರೆ. ಯುಜಿಸಿ-ನೆಟ್‌ನಲ್ಲಿ ಬೋಧನೆ, ಸಂಶೋಧನಾ ಒಲವು, ತರ್ಕ ಮೊದಲಾದವುಗಳ ಮೇಲೆ 50 ಪ್ರಶ್ನೆಗಳೂ ವಿಷಯದ ಮೇಲೆ 100 ಪ್ರಶ್ನೆಗಳೂ ಇರುತ್ತವೆ, ಒಟ್ಟು 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಲ್ಲಿ ವಿಸ್ತಾರವಾಗಿ ಓದಿ ನೆನಪಿಟ್ಟವರು ಗೆಲ್ಲುತ್ತಾರೆ. ಜೀವವಿಜ್ಞಾನ ಪತ್ರಿಕೆ 200 ಅಂಕದ್ದು. ಅದರ ಅರ್ಧ ಅಂಕಗಳು ಮೂರನೆಯ ಭಾಗದಲ್ಲಿವೆ. ಅಲ್ಲಿ 75 ಪ್ರಶ್ನೆಗಳಲ್ಲಿ 25ನ್ನು ಮಾತ್ರ ಉತ್ತರಿಸಬೇಕು, ಪ್ರತಿಯೊಂದಕ್ಕೂ 4 ಅಂಕ, ತಪ್ಪಾದರೆ ಕಾಲು ಭಾಗ ಕಡಿತ. ಪಠ್ಯಕ್ರಮದ 13 ಘಟಕಗಳನ್ನೂ ಓದಿ ಮುಗಿಸುತ್ತೇನೆಂದು ಹೊರಟವರು ಸಾಮಾನ್ಯವಾಗಿ ಯಾವುದರಲ್ಲೂ ಆಳಕ್ಕಿಳಿಯುವುದಿಲ್ಲ. ಸೂಕ್ಷ್ಮಜೀವಶಾಸ್ತ್ರದವರು ಅಣುಗಳು, ಕೋಶ, ಮೂಲಭೂತ ಪ್ರಕ್ರಿಯೆಗಳು, ತಳಿಶಾಸ್ತ್ರ ಮತ್ತು ಪ್ರಯೋಗ ವಿಧಾನಗಳ ಘಟಕಗಳನ್ನು ಗಟ್ಟಿಮಾಡಿಕೊಂಡು, ಪರಿಸರ ತತ್ವಗಳ 10ನೆಯ ಘಟಕವನ್ನೂ, ಹುದುಗುವಿಕೆ ಮತ್ತು ಜೈವಿಕ ಶುದ್ಧೀಕರಣ ಬರುವ 12ನೆಯ ಘಟಕವನ್ನೂ ಸೇರಿಸಿಕೊಂಡರೆ ಸಸ್ಯ ಮತ್ತು ಪ್ರಾಣಿ ಶರೀರಕ್ರಿಯೆಗಳನ್ನು ಸ್ವಲ್ಪ ಹಗುರವಾಗಿ ತೆಗೆದುಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ ಬೇಕು. 2024ರ ಜೂನ್‌ನಿಂದ ಯುಜಿಸಿ-ನೆಟ್ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತಿದೆ: ಜೆಆರ್‌ಎಫ್ ಸಹಿತ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಪಿಎಚ್‌ಡಿ ಪ್ರವೇಶದ ಅರ್ಹತೆ, ಪಿಎಚ್‌ಡಿ ಪ್ರವೇಶದ ಅರ್ಹತೆ ಮಾತ್ರ. ಕೊನೆಯ ಎರಡು ವರ್ಗಗಳಲ್ಲಿ ಹಣವಿಲ್ಲ. ಅವರ ನೆಟ್ ಅಂಕಗಳಿಗೆ ಪ್ರವೇಶದಲ್ಲಿ 70 ಪ್ರತಿಶತ, ಸಂದರ್ಶನಕ್ಕೆ 30 ಪ್ರತಿಶತ ಎಂಬ ಲೆಕ್ಕವಿದ್ದು, ಪಿಎಚ್‌ಡಿ ಪ್ರವೇಶದ ಮಟ್ಟಿಗೆ ಆ ಅಂಕಗಳು ಒಂದು ವರ್ಷ ಮಾತ್ರ ಚಲಾವಣೆಯಲ್ಲಿರುತ್ತವೆ. ಮನೆಯಲ್ಲಿ "ನೆಟ್ ಆಯಿತು" ಎಂದು ಸಿಹಿ ಹಂಚುವ ಮೊದಲು ಯಾವ ವರ್ಗದಲ್ಲಿ ಆಯಿತು ಎಂದು ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ವಿಷಯದಲ್ಲೂ ಇದೇ ಗೊಂದಲವಿದೆ: ಅದು ಉಪನ್ಯಾಸಕ ಹುದ್ದೆಗೆ ಅರ್ಹತೆಯನ್ನಷ್ಟೇ ಕೊಡುತ್ತದೆ, ಶಿಷ್ಯವೇತನವನ್ನಲ್ಲ.

ಸೂಕ್ಷ್ಮಜೀವಶಾಸ್ತ್ರದವರಿಗೆ ನೆಟ್ ಅಲ್ಲದೆ ಇನ್ನೆರಡು ದಾರಿಗಳಿವೆ. ಜೈವಿಕ ತಂತ್ರಜ್ಞಾನ ಇಲಾಖೆಯ ಬಿಇಟಿ ಪರೀಕ್ಷೆಯಲ್ಲಿ ಮೊದಲ ವರ್ಗದಲ್ಲಿ ಆಯ್ಕೆಯಾದವರು ತಮ್ಮ ಫೆಲೋಶಿಪ್ಪನ್ನು ತಾವು ಪ್ರವೇಶ ಪಡೆದ ಮಾನ್ಯತೆಯ ಸಂಸ್ಥೆಗೆ ಒಯ್ಯಬಹುದು. ಎರಡನೆಯ ವರ್ಗದವರಿಗೆ ಇಲಾಖೆ ಪ್ರಾಯೋಜಿಸಿದ ಕಾರ್ಯಕ್ರಮಗಳಲ್ಲಿ ಮಾತ್ರ ಅವಕಾಶ. ರೋಗಕಾರಕ ಜೀವಿಗಳು, ಔಷಧ ನಿರೋಧಕತೆ ಮುಂತಾದ ವಿಷಯಗಳತ್ತ ಒಲವಿದ್ದವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೆಆರ್‌ಎಫ್ ಇದೆ. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಬಂದವರು ಪರೀಕ್ಷೆಯಿಲ್ಲದೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು; ಸಣ್ಣ ವಿಶ್ವವಿದ್ಯಾಲಯದ ರ‍್ಯಾಂಕಿಗೂ ಅಲ್ಲಿ ಬೆಲೆಯಿದೆ ಎಂಬುದನ್ನು ನಮ್ಮ ಮಕ್ಕಳು ಮರೆಯುತ್ತಾರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ, ಹೆತ್ತವರಿಗೆ ಏಕೈಕ ಸಂತಾನವಾಗಿರುವ ಹೆಣ್ಣುಮಕ್ಕಳಿಗೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಹಳೆಯ ಕೈಪಿಡಿಗಳಲ್ಲಿ ಇನ್ನೂ ಕಾಣುವ ಮೌಲಾನಾ ಆಜಾದ್ ಫೆಲೋಶಿಪ್ 2022–23ರಿಂದ ಹೊಸಬರಿಗೆ ನಿಂತಿದೆ.

ಮೊತ್ತ ಒಂದೇ ಎಂದೆನಷ್ಟೆ. ವ್ಯತ್ಯಾಸ ಕಾಣುವುದು ಕಂಟಿಂಜೆನ್ಸಿಯಲ್ಲಿ, ಅಂದರೆ ರಾಸಾಯನಿಕ, ಓಡಾಟ, ಪುಸ್ತಕಗಳಿಗೆಂದು ಕೊಡುವ ವಾರ್ಷಿಕ ಮೊತ್ತದಲ್ಲಿ. ವಿಜ್ಞಾನ ವಿಷಯಗಳಿಗೆ ಯುಜಿಸಿ ಮೊದಲ ಎರಡು ವರ್ಷ 12,000, ನಂತರ 25,000 ರೂಪಾಯಿ ಕೊಡುತ್ತದೆ. ಸಿಎಸ್‌ಐಆರ್ ಮತ್ತು ಇನ್‌ಸ್ಪೈರ್‌ನಲ್ಲಿ ಇದು 20,000, ಜೈವಿಕ ತಂತ್ರಜ್ಞಾನ ಇಲಾಖೆಯಲ್ಲಿ 30,000. ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿಸಿ ಒಂದು ತೋಟದ ಮಣ್ಣಿನ ಜೀವಿಸಮೂಹವನ್ನು ಮೂರು ಹಂಗಾಮಿನಲ್ಲಿ ಅಳೆಯಬೇಕೆಂದವರಿಗೆ ಈ ಮೊತ್ತಗಳಲ್ಲಿ ಯಾವುದೂ ಸಾಲುವುದಿಲ್ಲ. ಜೀವಿಗಳನ್ನು ಬೆಳೆಸುವ ಮಾಧ್ಯಮ, ಪರೀಕ್ಷಾ ಕಿಟ್, ಡಿಎನ್‌ಎ ಕೆಲಸಕ್ಕೆ ಬೇಕಾದ ಪ್ರೈಮರ್‌ಗಳ ಖರ್ಚನ್ನು ಬೇರೆ ಕಡೆಯಿಂದ ಹೊಂದಿಸಬೇಕು. ಹಾಗಾಗಿ ನಾನು ಕಂಡಂತೆ ಉತ್ತಮ ಜೋಡಣೆ ಇದು: ನಿಮ್ಮ ಊಟ-ಬಾಡಿಗೆಗೆ ನಿಮ್ಮ ಹೆಸರಿನ ಜೆಆರ್‌ಎಫ್, ನಿಮ್ಮ ಪ್ರಯೋಗಗಳಿಗೆ ಮಾರ್ಗದರ್ಶಕರ ಬಳಿ ಚಾಲ್ತಿಯಲ್ಲಿರುವ ಒಂದು ಯೋಜನೆ. ಪರಿಸರ ವಿಜ್ಞಾನದಲ್ಲಿ ನೀರಿನ ಗುಣಮಟ್ಟ, ಸಮೀಕ್ಷೆ, ನಕ್ಷೆಗಳ ಮೇಲೆ ನಡೆಯುವ ಕೆಲಸವಾದರೆ ಎರಡನೆಯದು ಇಲ್ಲದೆಯೂ ಹೇಗೋ ನಡೆಯುತ್ತದೆ, ಸೂಕ್ಷ್ಮಜೀವಶಾಸ್ತ್ರದಲ್ಲಿ ನಡೆಯುವುದಿಲ್ಲ.

ಮಾರ್ಗದರ್ಶಕರ ಯೋಜನೆಯ ಹಣ

ಪ್ರಾಧ್ಯಾಪಕರಿಗೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಜೈವಿಕ ತಂತ್ರಜ್ಞಾನ ಇಲಾಖೆ ಮುಂತಾದ ಕಡೆಗಳಿಂದ ಮಂಜೂರಾದ ಯೋಜನೆಯಲ್ಲಿ ಸಹಾಯಕರಾಗಿ ಸೇರಿ, ಅದೇ ಕೆಲಸದ ಮೇಲೆ ಪಿಎಚ್‌ಡಿ ಮಾಡುವುದು ಎರಡನೆಯ ದಾರಿ. ನೆಟ್ ಅಥವಾ ಗೇಟ್ (ಇಂಜಿನಿಯರಿಂಗ್ ಮತ್ತು ವಿಜ್ಞಾನ ವಿಷಯಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇದ್ದವರಿಗೆ ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆಯ ಮೊದಲ ಶ್ರೇಣಿಯಲ್ಲಿ 37,000 ರೂಪಾಯಿ, ಇಲ್ಲದವರಿಗೆ 30,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ನೆಟ್‌ನಲ್ಲಿ ಎರಡು ಸಲ ಸೋತವರಿಗೆ ಇದು ವರ ಎನ್ನಿಸುವುದು ಸರಿಯೇ. ಪ್ರಯೋಗಾಲಯ, ಉಪಕರಣ, ವಿಷಯ ಎಲ್ಲವೂ ಸಿದ್ಧವಾಗಿರುತ್ತವೆ.

ಆದರೆ ಇಲ್ಲಿ ಹಣ ಯೋಜನೆಯದು. ಯೋಜನೆಗಳು ಬಹುಮಟ್ಟಿಗೆ ಮೂರು ವರ್ಷದವು, ಪಿಎಚ್‌ಡಿ ಹಾಗಲ್ಲ. ಯುಜಿಸಿಯ 2022ರ ನಿಯಮಗಳ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮಹಿಳೆಯರಿಗೂ 40 ಪ್ರತಿಶತಕ್ಕಿಂತ ಹೆಚ್ಚಿನ ಅಂಗವೈಕಲ್ಯ ಉಳ್ಳವರಿಗೂ ಇನ್ನೆರಡು ವರ್ಷಗಳ ರಿಯಾಯಿತಿ, ಮಹಿಳೆಯರಿಗೆ ಒಟ್ಟು 240 ದಿನಗಳವರೆಗೆ ಮಾತೃತ್ವ ರಜೆ. ಕನಿಷ್ಠದಲ್ಲೇ ಮುಗಿಸಿದವರನ್ನು ನಮ್ಮ ವಿಷಯಗಳಲ್ಲಿ ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ. ಇದಕ್ಕೆ ಸೋಮಾರಿತನ ಕಾರಣವಲ್ಲ, ಹಂಗಾಮು ಕಾರಣ.

ಕಾಫಿ ಪಲ್ಪಿಂಗ್ ನೀರನ್ನೇ ತೆಗೆದುಕೊಳ್ಳಿ. ಹಣ್ಣಿನ ಸಿಪ್ಪೆ ಸುಲಿದು, ಹುದುಗಿಸಿ, ತೊಳೆದಾಗ ಹೊರಬರುವ ಆ ಹುಳಿ ನೀರಿನಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ತುಂಬಿರುವುದರಿಂದ ಅದು ಹಳ್ಳಕ್ಕೆ ಸೇರಿದರೆ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಅದನ್ನು ಶುದ್ಧಗೊಳಿಸಬಲ್ಲ ಸೂಕ್ಷ್ಮಜೀವಿಗಳ ಹುಡುಕಾಟ ಚಿಕ್ಕಮಗಳೂರು, ಹಾಸನ ಎಂಬ ನಮ್ಮ ಎರಡೂ ಜಿಲ್ಲೆಗಳಿಗೆ ಹೇಳಿಮಾಡಿಸಿದ ವಿಷಯ, ಎರಡೂ ಶಾಸ್ತ್ರಗಳು ಕೂಡುವ ಜಾಗವೂ ಹೌದು. ಆದರೆ ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಕೊಯ್ಲು ಮುಗಿದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಹೊತ್ತಿಗೆ ನೀವು ಯೋಜನೆಗೆ ಸೇರಿದಿರಿ ಎಂದಿಟ್ಟುಕೊಳ್ಳಿ. ಪಿಎಚ್‌ಡಿ ನೋಂದಣಿ, ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಉಪಕರಣ ಖರೀದಿಯ ಟೆಂಡರ್ ಇವೆಲ್ಲದರ ನಡುವೆ ಮೊದಲ ಕೊಯ್ಲು ಕೈತಪ್ಪುತ್ತದೆ. ಎರಡನೆಯದರಲ್ಲಿ ವಿಧಾನ ಕೈಗೆ ಹತ್ತುತ್ತದೆ. ಪ್ರಕಟಿಸಬಹುದಾದ ಅಂಕಿಅಂಶ ಸಿಗುವುದು ಮೂರನೆಯದರಲ್ಲಿ, ಆ ಹೊತ್ತಿಗೆ ಯೋಜನೆಯ ಕೊನೆಯ ತಿಂಗಳು ಬಂದಿರುತ್ತದೆ.

ನನ್ನದೇ ಕಥೆ ಹೀಗಾಯಿತು. ಯೋಜನೆಯೊಂದರ ಹಣದಲ್ಲಿ ಸೇರಿದ ನಾನು ಮೂವತ್ತಾರನೆಯ ತಿಂಗಳಿಗೆ ಎರಡು ಅಧ್ಯಾಯಗಳಷ್ಟು ಅಂಕಿಅಂಶ ಮಾತ್ರ ಇಟ್ಟುಕೊಂಡಿದ್ದೆ. ಕೊನೆಯ ಕಂತು ಬರುವುದೂ ತಡವಾಯಿತು. ಉಳಿದ ಕೆಲಸವನ್ನು ಅತಿಥಿ ಉಪನ್ಯಾಸಕಿಯ ಸಂಬಳದಲ್ಲಿ, ಅಮ್ಮ ಎತ್ತಿಕೊಟ್ಟ ಚೀಟಿ ದುಡ್ಡಿನಲ್ಲಿ ಮುಗಿಸಿದೆ. ನನ್ನ ಮಾರ್ಗದರ್ಶಕರು ಒಳ್ಳೆಯವರೇ, ಅವರ ಕೈಯಲ್ಲೂ ಏನೂ ಇರಲಿಲ್ಲ. ಹಾಗಾಗಿ ಯೋಜನೆಗೆ ಸೇರಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ; ಯೋಜನೆಯ ಮೊದಲ ವರ್ಷದಲ್ಲಿ ಸೇರಿ, ಆ ಮೂರು ವರ್ಷಗಳಲ್ಲಿ ನೆಟ್ ಬರೆಯುವುದನ್ನು ಬಿಡಬೇಡಿ ಎನ್ನುತ್ತೇನೆ. ನಡುವೆ ಜೆಆರ್‌ಎಫ್ ಬಂದರೆ ಅದಕ್ಕೆ ದಾಟಿಕೊಳ್ಳಬಹುದು. ಇನ್ನೊಂದು ಮಾತು: ಯೋಜನೆಯ ನೇಮಕಾತಿ ಆದೇಶ ಎಂದರೆ ಪಿಎಚ್‌ಡಿ ನೋಂದಣಿ ಅಲ್ಲ. ವಿಶ್ವವಿದ್ಯಾಲಯದ ಪ್ರವೇಶ ಪ್ರಕ್ರಿಯೆಯನ್ನು ಪ್ರತ್ಯೇಕವಾಗಿ ದಾಟಬೇಕು, ಮಾರ್ಗದರ್ಶಕರ ಬಳಿ ಖಾಲಿ ಸೀಟು ಇರಬೇಕು. ಇದನ್ನು ಕೇಳದೆ ಎರಡು ವರ್ಷ ಬರೀ ಸಹಾಯಕರಾಗಿ ಉಳಿದವರಿದ್ದಾರೆ.

ಸಂಸ್ಥೆಯ ಹಣ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳಂತಹ ಕಡೆ ಆಯ್ಕೆಯಾದವರಿಗೆ ಸಂಸ್ಥೆಯೇ ಶಿಷ್ಯವೇತನ ಕೊಡುತ್ತದೆ. ಗೇಟ್ ಪರೀಕ್ಷೆಯ ಅಂಕಕ್ಕೆ ಮೂರು ವರ್ಷ ಮಾನ್ಯತೆ ಇರುವುದು ಇಲ್ಲಿ ಅನುಕೂಲ. ಅದರಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಇಂಜಿನಿಯರಿಂಗ್ ಎಂಬ ಪ್ರತ್ಯೇಕ ಪತ್ರಿಕೆಯಿದೆ, ಪರಿಸರ ಮತ್ತು ವಿಕಾಸ ಎಂಬ ಇನ್ನೊಂದಿದೆ, ಜೀವವಿಜ್ಞಾನ ಪತ್ರಿಕೆಯೊಳಗೆ ಸೂಕ್ಷ್ಮಜೀವಶಾಸ್ತ್ರದ ಭಾಗವೂ ಇದೆ. ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರವೂ, ಸೂಕ್ಷ್ಮಜೀವಶಾಸ್ತ್ರ ಮತ್ತು ಕೋಶ ಜೀವಶಾಸ್ತ್ರದ ವಿಭಾಗವೂ ಇವೆ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಇನ್ನೂ ಮೇಲಿನದು: ಮೊದಲೆರಡು ವರ್ಷ 70,000, ಮೂರನೆಯ ವರ್ಷ 75,000, ಕೊನೆಯ ಎರಡು ವರ್ಷ 80,000 ರೂಪಾಯಿ, ವರ್ಷಕ್ಕೆ 2 ಲಕ್ಷ ರೂಪಾಯಿ ಸಂಶೋಧನಾ ಅನುದಾನ ಎಂಬ ರೂಪದಲ್ಲಿ ಅದು ಆರಂಭವಾಯಿತು. 2025ರ ಬಜೆಟ್‌ನಲ್ಲಿ ಐಐಟಿಗಳು ಮತ್ತು ವಿಜ್ಞಾನ ಸಂಸ್ಥೆಯಲ್ಲಿ ತಾಂತ್ರಿಕ ಸಂಶೋಧನೆಗೆ ಐದು ವರ್ಷಗಳಲ್ಲಿ 10,000 ಫೆಲೋಶಿಪ್‌ಗಳನ್ನು ಕೊಡುವುದಾಗಿ ಘೋಷಿಸಲಾಗಿದೆ. ಮೊತ್ತದ ಆಸೆಗಾಗಿಯೇ ಇದರ ಹಿಂದೆ ಬಿದ್ದು ಬೇರೆ ಅರ್ಜಿಗಳನ್ನು ಕೈಬಿಡುವುದು ಬುದ್ಧಿವಂತಿಕೆಯಲ್ಲ.

ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಆಹಾರ ಸೂಕ್ಷ್ಮಜೀವಶಾಸ್ತ್ರಕ್ಕೆ ಹತ್ತಿರದ, ಹಳೆಯ, ಗಟ್ಟಿ ಜಾಗ. ಅಲ್ಲಿ ಪದವಿ ಸಿಎಸ್‌ಐಆರ್ ಪ್ರಯೋಗಾಲಯಗಳಿಗೆ ಪದವಿ ಕೊಡುವ ಸಂಸ್ಥೆಯಾದ ಎಸಿಎಸ್‌ಐಆರ್ ಮೂಲಕ ಬರುತ್ತದೆ. ಬೆಂಗಳೂರಿನ ಏಟ್ರೀ ಸಂಸ್ಥೆಯಲ್ಲಿ ಸಂರಕ್ಷಣೆ ಮತ್ತು ಸುಸ್ಥಿರತೆಯ ಪಿಎಚ್‌ಡಿ ಇದೆ, ವಿಜ್ಞಾನದ ಜೊತೆಗೆ ಸಮಾಜವನ್ನೂ ನೋಡಬೇಕೆನ್ನುವ ಪರಿಸರ ವಿದ್ಯಾರ್ಥಿಗಳಿಗೆ ಅದು ಒಪ್ಪುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದವರಿಗೂ ತಿಂಗಳಿಗೆ 8,000 ರೂಪಾಯಿ ಸಿಗುತ್ತದೆ. ಅದರಲ್ಲಿ ಬದುಕಬಹುದೇ ಎಂದು ಕೇಳಿದರೆ, ಹಾಸ್ಟೆಲ್ ಸಿಕ್ಕರೆ ಊಟ ನಡೆಯುತ್ತದೆ, ಅಷ್ಟೆ. ರಾಜ್ಯ ವಿಶ್ವವಿದ್ಯಾಲಯಗಳಿಗೆ ಈ ವ್ಯವಸ್ಥೆ ಅನ್ವಯಿಸುವುದಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳು "ಫಂಡೆಡ್" ಎಂದು ಜಾಹೀರಾತು ಕೊಟ್ಟಾಗ ವಾರ್ಷಿಕ ಶುಲ್ಕವನ್ನು ಶಿಷ್ಯವೇತನದಿಂದ ಕಳೆದು ಉಳಿದದ್ದನ್ನು ನೋಡಿ, ವಾರಕ್ಕೆ ಎಷ್ಟು ತರಗತಿ ತೆಗೆದುಕೊಳ್ಳಬೇಕೆಂಬುದನ್ನು ಬರಹದಲ್ಲಿ ಕೇಳಿ.

ಊರಿಗೆ ಹತ್ತಿರವೋ, ದೂರವೋ

ಹೆಣ್ಣುಮಕ್ಕಳ ಮನೆಗಳಲ್ಲಿ ಈ ಪ್ರಶ್ನೆ ಬೇರೆ ಕಾರಣಕ್ಕೆ ಏಳುತ್ತದೆ. ನಾನಿಲ್ಲಿ ಕೇಳುತ್ತಿರುವುದು ಮಾದರಿಗಳ ಸಲುವಾಗಿ. ನೀರಿನ ಕೊಳೆಯನ್ನು ಸೂಚಿಸುವ ಜೈವಿಕ ಆಮ್ಲಜನಕ ಬೇಡಿಕೆಯನ್ನು ಅಳೆಯಲು ತೆಗೆದ ನೀರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ, ಸಾಧ್ಯವಾದರೆ ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆಯದ್ದೂ ಅದೇ ಕಥೆ. ಮೂಡಿಗೆರೆಯ ಹಳ್ಳದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತು ಹೋಗುವವರಿಗೂ, ಚಿಕ್ಕಮಗಳೂರು ಜಿಲ್ಲೆಯಿಂದ ಎರಡು ಗಂಟೆಯ ಆಸುಪಾಸಿನಲ್ಲಿ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟ ಮುಟ್ಟುವವರಿಗೂ ಅಂಕಿಅಂಶದ ಗುಣದಲ್ಲೇ ವ್ಯತ್ಯಾಸವಿರುತ್ತದೆ.

ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣದಲ್ಲಿ ಎರಡೂ ವಿಷಯಗಳ ಸ್ನಾತಕೋತ್ತರ ವಿಭಾಗಗಳಿವೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೂ ಇವೆ. ಅದು ಹಾಸನದಿಂದ ಸುಮಾರು 120 ಕಿಲೋಮೀಟರ್. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹಾಸನದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಆದರೆ 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಸೂಚಿಸಿದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದೂ ಸೇರಿದ್ದರಿಂದ, ಐದಾರು ವರ್ಷ ನಡೆಯುವ ಪದವಿಗೆ ನೋಂದಾಯಿಸುವವರು ಪ್ರಮಾಣಪತ್ರ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ ಎಂದು ಕೇಳಿಕೊಂಡೇ ಮುಂದುವರಿಯುವುದು ಕ್ಷೇಮ.

ಪ್ರಯೋಗಕ್ಕೆ ನಮ್ಮ ಸುತ್ತಲೇ ಇರುವ ನೆಲವನ್ನು ನಾವು ಕಡೆಗಣಿಸುತ್ತೇವೆ. ಬಾಳೆಹೊನ್ನೂರಿನ ಸಮೀಪದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೆ. ಎಲೆ ತುಕ್ಕು, ಕೊಳೆರೋಗ, ತೋಟದ ಮಣ್ಣು, ಪಲ್ಪಿಂಗ್ ನೀರು ಎಲ್ಲದರ ಅನುಭವ ಅಲ್ಲಿ ಒಂದೇ ಆವರಣದಲ್ಲಿದೆ. ಅದು ತಾನಾಗಿ ಪದವಿ ಕೊಡುವ ಸಂಸ್ಥೆಯಲ್ಲವಾದ್ದರಿಂದ ನೋಂದಣಿ ವಿಶ್ವವಿದ್ಯಾಲಯವೊಂದರಲ್ಲಿ ಆಗಬೇಕು. ಸ್ವಂತ ಜೆಆರ್‌ಎಫ್ ಇದ್ದವರ ಮಾತಿಗೆ ಇಂತಹ ಕಡೆ ತೂಕ ಹೆಚ್ಚು, ಏಕೆಂದರೆ ಅವರು ಯಾರ ಬೊಕ್ಕಸಕ್ಕೂ ಭಾರವಲ್ಲ. ಮೂಡಿಗೆರೆಯ ತೋಟಗಾರಿಕಾ ಕಾಲೇಜು, ಹಾಸನದ ಕಾರೇಕೆರೆಯ ಕೃಷಿ ಕಾಲೇಜು ಕೃಷಿ ವಿಶ್ವವಿದ್ಯಾಲಯಗಳ ವ್ಯವಸ್ಥೆಯವು. ಕೃಷಿ ಸೂಕ್ಷ್ಮಜೀವಶಾಸ್ತ್ರದ ಆ ದಾರಿಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಪ್ರತ್ಯೇಕ ಪ್ರವೇಶ ಪರೀಕ್ಷೆಯಿದೆ ಮತ್ತು ಕೃಷಿ ಹಿನ್ನೆಲೆಯ ಸ್ನಾತಕೋತ್ತರ ಪದವಿಗೆ ಅಲ್ಲಿ ಆದ್ಯತೆ. ಸಾದಾ ಎಂಎಸ್ಸಿ ಮಾಡಿದವರು ಅರ್ಹತೆಯ ಅಂಕಣವನ್ನು ಮೊದಲು ಓದಬೇಕು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸೀಮೆಯ ಬೈರಾಪುರದಲ್ಲಿ ಕ್ರೋಮಿಯಂ ಅದಿರಾದ ಕ್ರೋಮೈಟ್‌ನ ಗಣಿ ಪ್ರದೇಶವಿದೆ. ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಅಷ್ಟಾಗಿ ಅಪಾಯವಿಲ್ಲದ ಮೂರು ವೇಲೆನ್ಸಿಯ ರೂಪಕ್ಕೆ ಇಳಿಸುವ ಬ್ಯಾಕ್ಟೀರಿಯಾಗಳನ್ನು ಹುಡುಕುವವರಿಗೆ ಅಂತಹ ಮಣ್ಣು ಸಹಜ ಪ್ರಯೋಗಾಲಯ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಗಣಿ ನಿಂತ ಮೇಲೆ ಮಣ್ಣಿನ ಜೀವಿಗಳು ಹೇಗೆ ಮರಳುತ್ತವೆ ಎಂದು ಕೇಳಲು ಎರಡು ದಶಕಗಳ ಅವಧಿ ಅಲ್ಲಿ ತಾನಾಗಿ ಸಿದ್ಧವಾಗಿದೆ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಾಗಲಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲಾಗಲಿ ಒಂದು ಚಮಚ ಮಣ್ಣು ತೆಗೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ಹಿಡಿಯುವ ಸಮಯವೂ ನಿಮ್ಮ ಐದು ವರ್ಷದಲ್ಲೇ ಕಳೆಯುತ್ತದೆ. ಗೊರೂರಿನ ಹೇಮಾವತಿ ಜಲಾಶಯದ ಕೆಳಗಿನ ಊರ ಕೆರೆಗಳಲ್ಲಿ ಈ ತೊಡಕು ಕಡಿಮೆ.

ಹೊರದೇಶದ ಸಂಬಳ

ನೆದರ್ಲೆಂಡ್ಸ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿ ಸಾಮಾನ್ಯವಾಗಿ ನಾಲ್ಕು ವರ್ಷದ ಕರಾರಿನ ಮೇಲೆ ಸಂಬಳ ಪಡೆಯುವ ನೌಕರ. ವಾಗನಿಂಗನ್ ವಿಶ್ವವಿದ್ಯಾಲಯ ಮಣ್ಣು ಮತ್ತು ಸೂಕ್ಷ್ಮಜೀವಿಗಳಿಗೆ ಹೆಸರಾದದ್ದು. ಜರ್ಮನಿಯಲ್ಲಿ ಸಾರ್ವಜನಿಕ ವೇತನ ಶ್ರೇಣಿಯ ಇ13 ಹುದ್ದೆಯ ಒಂದು ಪಾಲನ್ನು, ಜೀವವಿಜ್ಞಾನಗಳಲ್ಲಿ ಹೆಚ್ಚಾಗಿ 65 ಪ್ರತಿಶತವನ್ನು ಕೊಡುತ್ತಾರೆ. ಬ್ರೆಮೆನ್‌ನ ಸಾಗರ ಸೂಕ್ಷ್ಮಜೀವಶಾಸ್ತ್ರ ಮತ್ತು ಮಾರ್‌ಬುರ್ಗ್‌ನ ನೆಲದ ಸೂಕ್ಷ್ಮಜೀವಶಾಸ್ತ್ರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು ನಮ್ಮ ಎರಡು ವಿಷಯಗಳ ಗಡಿಯಲ್ಲೇ ಇವೆ. ಅಮೆರಿಕದಲ್ಲಿ ಐದು ವರ್ಷ, ಶುಲ್ಕ ಮಾಫಿ, ಬದಲಿಗೆ ಬೋಧನೆ ಅಥವಾ ಸಂಶೋಧನಾ ಸಹಾಯಕತ್ವ. ಅರ್ಜಿಯ ಗಡುವು ಬಹುತೇಕ ಡಿಸೆಂಬರ್ ಹೊತ್ತಿಗೆ. ಬ್ರಿಟನ್‌ನ ಸರ್ಕಾರಿ ಸಂಶೋಧನಾ ನಿಧಿ ಸಂಸ್ಥೆಯಾದ ಯುಕೆಆರ್‌ಐ ಶಿಷ್ಯವೇತನದ ಕನಿಷ್ಠ ದರ 2025–26ಕ್ಕೆ ವರ್ಷಕ್ಕೆ 20,780 ಪೌಂಡ್, ಆದರೆ ವಿದೇಶಿಯರಿಗೆ ಸೀಟುಗಳ 30 ಪ್ರತಿಶತದ ಮಿತಿಯಿದೆ. ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಮೇರಿ ಕ್ಯೂರಿ ಪಿಎಚ್‌ಡಿ ಜಾಲಗಳ ನಿಯಮ ನಮ್ಮವರಿಗೆ ಅನುಕೂಲಕರ: ಕಳೆದ 36 ತಿಂಗಳಲ್ಲಿ ನೀವು ಸೇರಲಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು, ಅಷ್ಟೆ.

ಇಲ್ಲಿ ಹಣ ಉದ್ಯೋಗದಾತರದು, ವಿಷಯವೂ ಅವರದೇ. ಬಾಬಾಬುಡನ್‌ಗಿರಿಯ ಮಣ್ಣನ್ನು ಅಲ್ಲಿಗೆ ಒಯ್ದು ಕೆಲಸ ಮಾಡುತ್ತೇನೆ ಎಂದುಕೊಂಡಿದ್ದರೆ 2002ರ ಜೀವವೈವಿಧ್ಯ ಕಾಯಿದೆ ನೆನಪಿರಲಿ. ನಮ್ಮ ಜೈವಿಕ ಸಂಪನ್ಮೂಲಗಳನ್ನು ಹೊರದೇಶದಲ್ಲಿ ಸಂಶೋಧನೆಗೆ ಬಳಸಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು, ಮತ್ತು ಸೂಕ್ಷ್ಮಜೀವಿಗಳೂ ಅದರಲ್ಲಿ ಸೇರುತ್ತವೆ. ಹೊಸ ವಿಧಾನ ಕಲಿಯಬೇಕೆಂಬ ಹಂಬಲ ದೊಡ್ಡದಾದರೆ ಹೊರದೇಶ ಸರಿ. ಊರಿನ ಪ್ರಶ್ನೆಯೇ ಮನಸ್ಸನ್ನು ಹಿಡಿದಿದ್ದರೆ ಇಲ್ಲೇ ನೋಂದಾಯಿಸಿಕೊಂಡು, ನಡುವೆ ಫುಲ್‌ಬ್ರೈಟ್-ಕಲಾಂ ಹವಾಮಾನ ಫೆಲೋಶಿಪ್‌ನಂತಹ ಅವಕಾಶದಲ್ಲಿ ಕೆಲವು ತಿಂಗಳು ಹೋಗಿಬರುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಸಹಿ ಹಾಕುವ ಮೊದಲು

ಮನೆಯ ಜವಾಬ್ದಾರಿ ಹೊತ್ತ, ಈಗಾಗಲೇ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರಿಗೆ ಒಂದು ಮಾತು: ಜೆಆರ್‌ಎಫ್ ಪೂರ್ಣಾವಧಿಯದು, ಸಂಬಳದ ಕೆಲಸವನ್ನು ಜೊತೆಗಿಟ್ಟುಕೊಳ್ಳುವಂತಿಲ್ಲ, ಅರೆಕಾಲಿಕ ಪಿಎಚ್‌ಡಿಗೆ ಅವಕಾಶವಿದ್ದರೂ ಈ ಶಿಷ್ಯವೇತನ ಬರುವುದಿಲ್ಲ. 37,000 ರೂಪಾಯಿಯ ಆಯ್ಕೆ ಪತ್ರ ಕೈಯಲ್ಲಿದ್ದೂ ಹಿಂಜರಿಯುವವರನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಆಯ್ಕೆ ಪತ್ರಕ್ಕೆ ಅವಧಿ ಮಿತಿಯಿದೆ, ಆ ಗಡುವಿನೊಳಗೆ ನೋಂದಣಿ ಆಗದಿದ್ದರೆ ಅದು ಬರೀ ಕಾಗದ.

ಪ್ರಯೋಗಾಲಯ ನೋಡಲು ಹೋದಾಗ ಗೈಡ್ ಜೊತೆ ಮಾತಾಡಿ ಹೊರಬಂದ ಮೇಲೆ ಅಲ್ಲಿನ ಹಿರಿಯ ವಿದ್ಯಾರ್ಥಿಗಳ ಜೊತೆ ಚಹಾಕ್ಕೆ ಹೋಗಿ. ಶಿಷ್ಯವೇತನ ಕೊನೆಯ ಬಾರಿ ಯಾವ ತಿಂಗಳದ್ದು ಬಂದಿದೆ, ಸಂಸ್ಥೆಯ ದೃಢೀಕರಣ ಯಾರ ಮೇಜಿನಲ್ಲಿ ನಿಲ್ಲುತ್ತದೆ, ಇಲ್ಲಿಂದ ಮುಗಿಸಿದ ಕೊನೆಯ ಮೂವರಿಗೆ ಎಷ್ಟೆಷ್ಟು ವರ್ಷ ಹಿಡಿಯಿತು, ಚಾಲ್ತಿಯಲ್ಲಿರುವ ಯೋಜನೆ ಯಾವಾಗ ಮುಗಿಯುತ್ತದೆ ಎಂದು ಕೇಳಿ. ಸೂಕ್ಷ್ಮಜೀವಶಾಸ್ತ್ರದವರು ಇನ್ನೊಂದನ್ನೂ ಕೇಳಬೇಕು: ಮೈನಸ್ 80 ಡಿಗ್ರಿಯ ಫ್ರೀಜರ್‌ಗೆ ಜನರೇಟರ್ ಸಂಪರ್ಕ ಇದೆಯೇ, ಅಥವಾ ಆಷಾಢದ ಮಳೆಯಲ್ಲಿ ಎರಡು ದಿನ ಕರೆಂಟ್ ಹೋದಾಗ ವರ್ಷಗಟ್ಟಲೆ ಕೂಡಿಟ್ಟ ಸೂಕ್ಷ್ಮಜೀವಿ ಕಲ್ಚರ್‌ಗಳನ್ನು ಯಾರಾದರೂ ಐಸ್ ತಂದು ಕಾಯಬೇಕೇ?